ಅಪ್ಪ ಎದ್ದರೆ ಬಡಿಯುವ ಗಂಟೆ

"ಯಾರನ್ನ ಕೇಳಿ ನಮ್ಮಪ್ಪನ್ನ ಇಲ್ಲಿ ಕೂರಿಸ್ಕೊಂಡ್ರಿ?"

ಮಿಕ್ಸಿ ರಿಪೇರಿ ಅಂಗಡಿಯ ಬಾಗಿಲಲ್ಲಿ ಅವಳು ಏದುಸಿರು ಬಿಡುತ್ತ ನಿಂತಿದ್ದಳು. ಬಟ್ಟೆ ಹೊಲಿಯುವವಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ನಸುಕಿನಿಂದ ನಾಲ್ಕು ಬೀದಿ ಹುಡುಕಿದ್ದಳು. ಅಪ್ಪ ಇಲ್ಲಿ ಸ್ಟೂಲಿನ ಮೇಲೆ ಕೂತು ನೆಮ್ಮದಿಯಾಗಿ ಚಹಾ ಕುಡಿಯುತ್ತಿದ್ದರು.

"ಮೊದಲನೇ ಟ್ರಿಪ್ಪಿಗೆ ಹೊತ್ತಾಯ್ತು ಅಂತ ಹೊರಟಿದ್ರು. ಬಸ್ ಬರೋವರೆಗೆ ಕೂತಿರಿ ಅಂದೆ," ಎಂದ ಅಂಗಡಿಯವನು.

ಅಪ್ಪನ ಕಾಲಲ್ಲಿ ಅವನ ಚಪ್ಪಲಿಯಿತ್ತು. ಅವನು ಬರಿಗಾಲಲ್ಲಿ ನಿಂತಿದ್ದ. ಅದನ್ನು ಕಂಡದ್ದೇ ಅವಳ ಸಿಟ್ಟು ಕರಗಿ ಅಳುವಾಯಿತು. ಅಪ್ಪ ಕಂಡಕ್ಟರ್ ಕೆಲಸ ಬಿಟ್ಟು ಹತ್ತು ವರ್ಷವಾಯಿತು, ಮರೆವು ಹಿಡಿದು ಎರಡು, ದಿನಾ ಬೆಳಗಾಗುವ ಮೊದಲೇ ಡ್ಯೂಟಿಗೆ ಹೊರಟುಬಿಡುತ್ತಾರೆ ಎಂದು ಗುರುತಿಲ್ಲದ ಅವನೆದುರು ಎಲ್ಲವನ್ನೂ ಹೇಳಿಕೊಂಡಳು.

ಬೀದಿಯವರು ಅವನನ್ನು ಐಡಿಯಾ ಮೇಷ್ಟ್ರು ಎಂದು ಗೇಲಿ ಮಾಡುತ್ತಿದ್ದರು. ಹಾಲು ಉಕ್ಕುವ ಮೊದಲು ಕೂಗುವ ಮುಚ್ಚಳ, ಕೊಡೆಯ ನೀರು ಹಿಡಿಯುವ ಡಬ್ಬಿ... ಹತ್ತರಲ್ಲಿ ಎಂಟು ಕೆಲಸಕ್ಕೆ ಬಾರದವು.

ವಾರದೊಳಗೆ ಅವನು ಒಂದು ಹಾಸು ತಂದ. ಎರಡು ತೆಳು ತಗಡು, ನಡುವೆ ತೂತು ಕೊರೆದ ಸ್ಪಂಜು. ಮಂಚದ ಪಕ್ಕ ಹಾಸಿದರೆ ಸಾಕು. ಅಪ್ಪ ಕಾಲಿಟ್ಟ ಕೂಡಲೇ ತಗಡಿಗೆ ತಗಡು ತಾಗಿ, ವಯರು ಎಳೆದು ಅವಳ ಕೋಣೆಯಲ್ಲಿಟ್ಟ ಸೆಲ್ಲಿನ ಗಂಟೆ ಬಡಿಯುತ್ತಿತ್ತು.

ಎರಡು ವರ್ಷದಲ್ಲಿ ಮೊದಲ ಸಲ ಅವಳು ಕಣ್ತುಂಬ ನಿದ್ದೆ ಮಾಡಿದಳು.

ಭಾನುವಾರ ಭಾನುವಾರ ಅವನು ಸೆಲ್ಲು ನೋಡಲು ಬರುತ್ತಿದ್ದ. ಸೆಲ್ಲಿಗೆ ಏನೂ ಆಗಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವನು ಬರುತ್ತಿದ್ದ, ಅವಳು ಕಾಯುತ್ತಿದ್ದಳು.

ಐದನೆಯ ತಿಂಗಳು, ಒಂದು ಚಳಿಯ ಬೆಳಗು, ಗಂಟೆ ಬಡಿಯಲಿಲ್ಲ.

ಅಪ್ಪ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು. ಅವಳ ಫೋನಿಗೆ ಮೊದಲು ಓಡಿ ಬಂದವನು ಅವನೇ. ಹೊದಿಸಲು ಏನಾದರೂ ತನ್ನಿ ಎಂದಳು. ಒಳಗೆ ಹೋಗಿ ಕೌದಿ ತಂದು ಹೊದಿಸಿದ. ಮೂರನೆಯ ದಿನ ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡರು.

"ಗಂಟೆ ಯಾಕೆ ಬಡೀಲಿಲ್ಲ?"

ಅವನು ಗೋಡೆಯತ್ತ ತಿರುಗಿದ. "ಸೆಲ್ಲು ಮುಗಿದಿತ್ತು. ನಾನು ನೋಡಿರಲಿಲ್ಲ."

"ವಾರವಾರ ಬರ್ತಿದ್ರಲ್ಲ! ಏನು ನೋಡೋಕೆ ಬರ್ತಿದ್ರಿ?"

ಇನ್ನು ಮುಖ ತೋರಿಸಬೇಡಿ ಎಂದಳು. ಅವನು ತೋರಿಸಲಿಲ್ಲ. ಐಡಿಯಾ ಮೇಷ್ಟ್ರ ಗಂಟೆ ನಂಬಿ ಮುದುಕ ಸತ್ತ ಎಂದು ಬೀದಿಯೆಲ್ಲ ಆಡಿಕೊಂಡಿತು. ಅವನ ಅಂಗಡಿಗೆ ಹೋಗುವವರೂ ಕಡಿಮೆಯಾದರು.

ಏಳು ತಿಂಗಳು ಕಳೆಯಿತು. ಅಪ್ಪನ ಕೋಣೆ ಖಾಲಿ ಮಾಡುವಾಗ ಆ ಹಾಸು ಮಂಚದಡಿ ಸಿಕ್ಕಿತು. ಎಸೆಯಲೆಂದು ಅದುಮಿ ಹಿಡಿದಳು.

ಆಚೆ ಕೋಣೆಯಲ್ಲಿ ಗಂಟೆ ಬಡಿಯಿತು.

ಸೆಲ್ಲು ಮುಗಿದಿದ್ದರೆ ಗಂಟೆ ಬಡಿಯುವುದು ಹೇಗೆ?

ಆಗ ನೆನಪಾಯಿತು. ಬೀಳುವ ಹಿಂದಿನ ಸಂಜೆ ಅಪ್ಪ ಪಾದ ಎತ್ತಿಕೊಂಡು, ಕೆಳಗೆ ಚಳಿ ಕೊರೀತಿದೆ ಕಣೇ ಅಂದಿದ್ದರು. ಅವಳೇ ತಾನು ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಆ ಹಾಸಿನ ಮೇಲೆ ಹಾಕಿದ್ದಳು. ಈಗ ಅದೇ ಕೌದಿ ತಂದು ಹಾಗೆಯೇ ಮಡಿಸಿಟ್ಟು ಅದುಮಿದಳು.

ಸದ್ದಿಲ್ಲ. ಮೆತ್ತನೆಯ ಮಡಿಕೆಗಳಲ್ಲಿ ಭಾರ ಹರಡಿ ತಗಡಿಗೆ ತಗಡು ತಾಗಲಿಲ್ಲ. ಇನ್ನೊಮ್ಮೆ ಅದುಮಿದಳು. ಇಲ್ಲ...

ಕೌದಿಯನ್ನು ಅಲ್ಲೇ ಬಿಟ್ಟು ಅವಳು ನೇರ ಅವನ ಅಂಗಡಿಗೆ ನಡೆದಳು.

"ಕೌದಿ ಎಲ್ಲಿಂದ ತಗೊಂಡು ಬಂದ್ರಿ ಅವತ್ತು?"

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. "ಹಾಸಿನ ಮೇಲಿಂದ," ಎಂದ.

"ನಿಮಗೆ ಗೊತ್ತಿತ್ತು. ನನ್ನ ಕೈಯಾರೆ ಆಗಿದ್ದು ಅಂತ."

"ನಿಮ್ಮ ಕೈ ಅಪ್ಪನ ಕಾಲು ಬೆಚ್ಚಗಿರಲಿ ಅಂತ ನೋಡ್ತು. ನಾನು ಪಾದ ಇಡೋ ಜಾಗಕ್ಕೆ ತಗಡು ಹಾಕಿದವನು. ಚಳಿಗಾಲ ಬರುತ್ತೆ ಅಂತ ನನಗೆ ಹೊಳೀಲೇ ಇಲ್ಲ. ತಪ್ಪು ನನ್ನದೇ ಅಂದಿದ್ದು ಪೂರ್ತಿ ಸುಳ್ಳಲ್ಲ."

"ಏಳು ತಿಂಗಳು ನಿಮ್ಮನ್ನ ಶಪಿಸಿದ್ದೀನಿ."

"ನಿಮ್ಮನ್ನ ನೀವೇ ಶಪಿಸ್ಕೊಂಡಿದ್ರೆ ನನ್ನಿಂದ ನೋಡೋಕಾಗ್ತಿರಲಿಲ್ಲ."

ಅವಳು ಮುಖ ಮುಚ್ಚಿಕೊಂಡು ಅತ್ತಳು. ಅವನು ಬೀದಿಯ ಕಣ್ಣಿಗೆ ಬೀಳದಿರಲೆಂದು ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಅಳು ಮುಗಿಯುವವರೆಗೆ ಕಾದ.

"ಇನ್ನು ಏನನ್ನೂ ನನ್ನಿಂದ ಮುಚ್ಚಿಡಬೇಡಿ," ಎಂದಳು ಕೊನೆಗೆ.

"ಹಾಗಾದ್ರೆ ಇನ್ನೊಂದಿದೆ. ಒಂದು ಭಾನುವಾರ ನಿಮ್ಮಪ್ಪನ್ನ ಕೇಳಿದ್ದೆ, ನಿಮ್ಮ ಮಗಳನ್ನ ನನಗೆ ಕೊಡ್ತೀರಾ ಅಂತ."

ಅವಳು ಒದ್ದೆ ಕಣ್ಣೆತ್ತಿ ನೋಡಿದಳು. "ಅಪ್ಪ ಏನಂದ್ರು?"

"'ಅವಳನ್ನೇ ಕೇಳಪ್ಪ, ನನಗೆ ನೆನಪಿರಲ್ಲ' ಅಂದ್ರು."

ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಅವನ ಗ್ರೀಸು ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕೇಳಿ," ಎಂದಳು. "ನನಗೆ ನೆನಪಿರುತ್ತೆ."