ಮೂರು ಜೋಡಿಕಲ್ಲು

ಕತ್ತಲಾಗುವುದರೊಳಗೆ ಮುತ್ತನ ಹೆಂಡತಿ ದೊಡ್ಡಿಯನ್ನು ಹುಡುಕಿ ತರಬೇಕಿತ್ತು. "ಜೋಡಿಕಲ್ಲಿನ ಹತ್ರ ಅಣಬೆಗೆ ಹೋಗ್ತೀನಿ" ಎಂದು ಬೆಳಿಗ್ಗೆ ಹೊರಟವಳು ಮಧ್ಯಾಹ್ನ ಮೂರಾದರೂ ಮರಳಿರಲಿಲ್ಲ. ಮಳೆ ಬಿಟ್ಟಿರಲಿಲ್ಲ. ಹೊಳೆ ಏರುತ್ತಿತ್ತು.

ಸುಂಟಿಕೊಪ್ಪದಾಚೆಯ ಎಸ್ಟೇಟಿನ ಗೇಟಿನಲ್ಲಿ ಅಗ್ನಿಶಾಮಕ ದಳದ ಲೋಕೇಶ್ ನಕ್ಷೆ ಹರಡಿ ಕುಳಿತಿದ್ದರು. ಇಂದಿನ ಹುಡುಕಾಟಕ್ಕೆ ಅವರೊಬ್ಬರೇ ಮುಖ್ಯಸ್ಥರು. ಅರಣ್ಯದವರಿರಲಿ, ಪೊಲೀಸರಿರಲಿ, ಹೆಸರು ಬರೆಸಿ ಅವರು ಹೇಳಿದ ಕಡೆಗೇ ಹೋಗಬೇಕು.

ದೊಡ್ಡಿಯ ಗಂಡ ಮುತ್ತ ಆಗಲೇ ಕತ್ತಿ ಹಿಡಿದು ಹೊರಟಿದ್ದ. ಲೋಕೇಶ್ ತಡೆದರು.

"ನನ್ನ ಹೆಂಡ್ತಿ ಸಾರ್! ಇಲ್ಲಿ ಕೂತು ಎಂತ ಮಾಡ್ಲಿ?"

"ಈ ಕಾಡಿನ ಕಲ್ಲು ಕಲ್ಲೂ ನಿಮ್ಗೆ ಗೊತ್ತುಂಟು ಮುತ್ತಣ್ಣ. ನೀವು ಹೋದ್ರೆ ಒಂದು ತಂಡಕ್ಕೆ ಉಪಕಾರ. ಇಲ್ಲಿದ್ರೆ ಮೂರಕ್ಕೂ."

ಮುತ್ತ ಕತ್ತಿ ಕೆಳಗಿಟ್ಟು ನಕ್ಷೆಯ ಮೇಜಿನ ಬಳಿ ಕುಳಿತ.

ಅರಣ್ಯ ರಕ್ಷಕಿ ಮಾಲತಿ, ಎಸ್ಟೇಟಿನ ನವೀನ್‌ಕುಮಾರ್ ಮತ್ತು ಇನ್ನಿಬ್ಬರು ಕಾಡು ಹೊಕ್ಕರು. ಕಾಫಿಗಿಡಗಳ ಸಾಲು ಮುಗಿದಲ್ಲಿಂದ ಮಂಜು ಶುರುವಾಗುತ್ತಿತ್ತು. ಒದ್ದೆ ಎಲೆಗಳ ಅದೇ ಹಳೆಯ ವಾಸನೆ. ಮಾಲತಿ ಚಿಕ್ಕವಳಿದ್ದಾಗ ದೊಡ್ಡಿಯ ಅಣ್ಣ ಮಾರ ಇದೇ ದಾರಿಯಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೇರಳೆ ಹಣ್ಣು ಕೀಳಿಸುತ್ತಿದ್ದ. ಒಂದು ಮಳೆಗಾಲ ಅವನೇ ಕಾಡಿನಲ್ಲಿ ಕಾಣೆಯಾದ. ಊರಿಗೆ ಊರೇ ಕೂಗುತ್ತಾ ಓಡಿತು. ಯಾರು ಎಲ್ಲಿ ಹುಡುಕಿದರೆಂದು ಯಾರಿಗೂ ತಿಳಿಯಲಿಲ್ಲ. ಮೂರನೆಯ ದಿನ ಸಿಕ್ಕಾಗ ಮಾರ ಬದುಕುಳಿದಿರಲಿಲ್ಲ.

"ಜೋಡಿಕಲ್ಲು ತಲುಪಿದ್ದೇವೆ. ಇಲ್ಲಿ ಯಾರೂ ಇಲ್ಲ," ಮಾಲತಿ ವಾಕಿಟಾಕಿಯಲ್ಲಿ ಹೇಳಿದಳು.

"ಹೆಸರು ಸಾಲದು. ಕಾಣ್ತಿರೋದನ್ನ ಹೇಳಿ," ಎಂದರು ಲೋಕೇಶ್.

"ಎರಡು ಬಂಡೆ. ನಡುವೆ ಅತ್ತಿಮರ."

ಆ ಕಡೆಯಿಂದ ಮುತ್ತನ ದನಿ ಹಾರಿಬಂತು. "ಅಯ್ಯೋ, ಅದು ಎಸ್ಟೇಟಿನವರ ಜೋಡಿಕಲ್ಲು ಮೇಡಂ! ಫಾರೆಸ್ಟಿನವರದ್ದು ಬೇರೆ, ನಮ್ಮದು ಬೇರೆ. ಹೊಳೆ ದಾಟಿ, ದೊಡ್ಡ ಹುತ್ತದ ಪಕ್ಕ." ದನಿ ತಗ್ಗಿತು. "ಮದುವೆಯಾದ ವರ್ಷ ಅವಳೇ ನಂಗೆ ತೋರ್ಸಿದ್ದು. ಗುಡುಗು ಬಂದ್ರೆ ಅಲ್ಲಿ ಅಣಬೆ ಏಳ್ತದೆ."

ಲೋಕೇಶ್ ನಕ್ಷೆಯಲ್ಲಿ ಗುರುತು ಹಾಕಿದರು. "ಇನ್ನು ಎಲ್ಲರಿಗೂ ಅದು ಜೋಡಿಕಲ್ಲು ಮೂರು. ತಿರುಗಿ ಹೇಳಿ."

"ಜೋಡಿಕಲ್ಲು ಮೂರು. ಹೊಳೆಯಾಚೆ, ಹುತ್ತದ ಪಕ್ಕ."

"ಸರಿ. ಹಗ್ಗದ ತಂಡ ಹೊಳೆ ಹತ್ರ ಸಿಗ್ತದೆ. ಅವರು ಬರೋವರೆಗೆ ನೀರಿಗಿಳಿಬೇಡಿ."

ಹಗ್ಗ ಬಂತು. ಬಿಗಿದರು. ಇಳಿದರು.

ನೀರು ಸೊಂಟಕ್ಕೆ ಬಂತು. ನವೀನ್‌ಕುಮಾರನ ಕಾಲು ಜಾರಿತು.

"ಹಗ್ಗ ಬಿಡ್ಬೇಡ ಮಾರಾಯ!" ಮಾಲತಿ ಕಿರುಚಿದಳು.

ಅವನು ಬಿಡಲಿಲ್ಲ.

ಬಂಡೆಗಳ ಸಂದಿಯಲ್ಲಿ ದೊಡ್ಡಿ ಕುಳಿತಿದ್ದಳು. ಪಾದ ಬಾತಿತ್ತು, ತುಟಿ ನೀಲಿಗಟ್ಟಿತ್ತು. ಹೊಳೆ ಅವಳಿಂದ ಒಂದು ಮೊಳ ಕೆಳಗಿತ್ತು.

"ಸಿಕ್ಕಿದ್ದಾಳೆ. ಮಾತಾಡ್ತಿದ್ದಾಳೆ," ಎಂದಳು ಮಾಲತಿ. ವಾಕಿಟಾಕಿಯಲ್ಲಿ ಯಾರೋ ಬಿಕ್ಕಿದ ಸದ್ದು ಕೇಳಿಸಿತು.

ಗೇಟು ಮುಟ್ಟುವಾಗ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಒಳಗೆ ಹೋದವರೆಲ್ಲ ಹೊರಬಂದರೆಂದು ಲೋಕೇಶ್ ಒಂದೊಂದೇ ಹೆಸರು ಕೂಗಿ ನೋಡಿದರು. ಆಮೇಲಷ್ಟೇ ಮುತ್ತ ಮೇಜು ಬಿಟ್ಟೆದ್ದು ಸ್ಟ್ರೆಚರಿನ ಬಳಿಗೆ ಓಡಿದ.

"ಊರೆಲ್ಲ ನನ್ನ ಹುಡುಕ್ಲಿಕ್ಕೆ ಬಂತು," ದೊಡ್ಡಿ ಮುಖ ತಿರುಗಿಸಿದಳು. "ನೀ ಮಾತ್ರ ಬರ್ಲಿಲ್ಲ."

ಮಾಲತಿಗೆ ನಗು ತಡೆಯಲಾಗಲಿಲ್ಲ. "ದೊಡ್ಡಕ್ಕ, ನಾವು ನಡೆದದ್ದಷ್ಟೇ. ಜಾಗ ಹೇಳಿ ಹುಡುಕಿದ್ದು ಮುತ್ತಣ್ಣನೇ."

ದೊಡ್ಡಿ ಮುಖ ಈಚೆ ತಿರುಗಿಸಿ ಗಂಡನನ್ನು ನೋಡಿದಳು. "ಆ ಜಾಗ ಎಲ್ರಿಗೂ ಹೇಳ್ಬಿಟ್ಯಾ? ಇನ್ನು ನಮ್ಗೆ ಅಣಬೆ ಸಿಕ್ಕಿದ ಹಾಗೇ!"