'ಬಹುದೇನೋ' ಕಲಿಸಿದ ಮೇಡಂ

"ನಮ್ಮಮ್ಮ ಸತ್ತಿದ್ದಕ್ಕೂ ಆಧಾರ ಕೊಡ್ಬೇಕಾ ಮೇಡಂ?"

ಸಂಜೆ ತರಗತಿಯಲ್ಲಿ ಎಲ್ಲರ ತಲೆಯೂ ಅವನತ್ತ ತಿರುಗಿತು!

ಎದ್ದು ನಿಂತವನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ತರಗತಿಯವರ ಬಾಯಲ್ಲಿ ಅವನ ಹೆಸರೂ 'ಎಕ್ಸ್‌ರೇ'ಯೇ. ಮೇಲಿನ ಓದಿನ ಪ್ರವೇಶ ಪರೀಕ್ಷೆಗೆಂದು ಇಂಗ್ಲಿಷ್ ಕಲಿಯಲು ಹೊಸದಾಗಿ ಸೇರಿದ್ದ. 'ಆಸ್ಪತ್ರೆಗಳು ಬಡವರನ್ನು ಕಾಯಿಸಿ ಕಾಯಿಸಿಯೇ ಕೊಲ್ಲುತ್ತವೆ' ಎಂದು ಅವನು ಪ್ರಬಂಧದಲ್ಲಿ ಬರೆದಿದ್ದಕ್ಕೆ ಮೇಡಂ ಕೆಂಪು ಶಾಯಿಯಲ್ಲಿ 'ಎವಿಡೆನ್ಸ್ ಎಲ್ಲಿ?' ಎಂದು ಗೀಚಿದ್ದಳು.

ಅಯ್ಯೋ... ಹಗಲೆಲ್ಲ ಶಾಲೆಯಲ್ಲಿ ಗಂಟಲು ಹರಿದುಕೊಂಡು, ಸಂಜೆ ಇಲ್ಲಿ ದೊಡ್ಡವರಿಗೆ ಪಾಠ ಹೇಳುವ ಅವಳಿಗೆ ನಿಂತ ನೆಲವೇ ಕುಸಿದಂತಾಯಿತು.

"ಕ್ಷಮಿಸಿ... ನೀವು ಸುಳ್ಳು ಹೇಳಿದ್ರಿ ಅಂತಲ್ಲ. ಆದ್ರೆ ಪರೀಕ್ಷೆ ಪೇಪರ್ ತಿದ್ದೋರು ಒಪ್ಪಲ್ಲ. 'ಮೇ' ಹಾಕಿ, 'ಸೀಮ್ಸ್' ಹಾಕಿ. ಆಗಬಹುದು, ಹಾಗೆ ಕಾಣುತ್ತೆ... ಓದಿದೋರು ಹಾಗೇ ಬರೆಯೋದು."

ಅವನು ಕೂತ. ಮನಸ್ಸಿಟ್ಟು ಕಲಿತ. ಕಲಿತದ್ದೇ ಹೆಚ್ಚಾಯಿತು ಅನ್ನಿ! ಪಾಠ ಮುಗಿಸಿ ಇಬ್ಬರೂ ಬಸ್ ಸ್ಟಾಪಿಗೆ ಜೊತೆಯಾಗಿ ನಡೆಯುವ ಹೊತ್ತಿಗೂ ಅದೇ ಭಾಷೆ.

"ಬಸ್ ಬರಬಹುದು ಅಂತ ಕಾಣುತ್ತೆ ಮೇಡಂ."

ದಣಿದ ಮುಖದಲ್ಲೇ ಅವಳು ನಗುತ್ತಿದ್ದಳು. ದಿನವೆಲ್ಲ ಅವಳು ಕಾಯುತ್ತಿದ್ದುದು ಆ ನಡಿಗೆಗಾಗಿ. ಪ್ರೀತಿ ಅಂದರೆ ಇದೇ ಎಂದು ತನಗೆ ತಾನೇ ಒಪ್ಪಿಕೊಂಡಿದ್ದಳು ಕೂಡ.

ಅಷ್ಟರಲ್ಲಿ ಶಾಲೆಯವರು ದೂರದ ಊರಿನ ಶಾಖೆಗೆ ಅವಳನ್ನು ಹೆಡ್ ಮಿಸ್ ಮಾಡುತ್ತೇವೆಂದರು. ವಾರದೊಳಗೆ ಉತ್ತರ ಹೇಳಬೇಕಿತ್ತು.

"ನಾನು ಹೋದ್ರೆ... ನಿಮಗೇನಾದ್ರೂ ಅನ್ಸುತ್ತಾ?" ಬಸ್ ಸ್ಟಾಪಿನಲ್ಲಿ ಕೇಳಿಯೇ ಬಿಟ್ಟಳು.

ಅವನು ಬಸ್ ಬರುವ ದಾರಿಯತ್ತ ನೋಡಿದ. "ಸ್ವಲ್ಪ... ಬೇಜಾರಾಗಬಹುದೇನೋ. ಹಾಗೆ ಕಾಣುತ್ತೆ."

ಬಹುದೇನೋ! ಇಷ್ಟೇನಾ ನಾನು?

ಬಂದ ಬಸ್ಸು ಹತ್ತಿದವಳು ತಿರುಗಿಯೂ ನೋಡಲಿಲ್ಲ.

ಮನೆಯಲ್ಲಿ ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ತಂಗಿಯ ಅಳುವನ್ನೆಲ್ಲ ಕೇಳಿ ಹೇಳಿದಳು, "ಮಾಡಿದ್ದುಣ್ಣೋ ಮಹರಾಯ! ಹಾಗೆ ಮಾತಾಡೋಕೆ ಕಲಿಸಿದ್ದು ಯಾರೇ? ಮೊದಲೇ ಅವನ ಕೆಲಸ ಅಂಥದ್ದು. ಮೊನ್ನೆ ನನ್ನ ಮಂಡಿಗೆ ಎಕ್ಸ್‌ರೇ ತೆಗೆದ. ಮುರಿದಿದೆಯೇನಪ್ಪಾ ಅಂದ್ರೆ, ಡಾಕ್ಟರ್ ಹೇಳ್ತಾರೆ ಅಂದ. ಕಣ್ಣಿಗೆ ಕಾಣ್ತಿದ್ರೂ ಬಾಯಿ ಬಿಡೋ ಹಾಗಿಲ್ಲವಂತೆ ಪಾಪ!"

ಅಕ್ಕ ಮಡಚುವ ಕೈ ನಿಲ್ಲಿಸದೆ ಸೇರಿಸಿದಳು, "ಅಲ್ಲಾ, ನೀನಾದ್ರೂ ನೇರವಾಗಿ ಏನು ಹೇಳಿದೆ?"



ಮರುದಿನ ಪಾಠ ಮುಗಿಸಿ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಅವನ ಪಕ್ಕ ಅವಳು ಕುಸಿದು ಕೂತಳು. ಮಾತು ಜೋಡಿಸುವ ಶಕ್ತಿಯೂ ಉಳಿದಿರಲಿಲ್ಲ.

"ನನಗೆ ನಿಮ್ಮ ಮೇಲೆ ಪ್ರೀತಿ ಇದೆ. ನಿಮ್ಮನ್ನ ಬಿಟ್ಟು ಹೋಗೋಕೆ ಆಗಲ್ಲ. ಇಷ್ಟೇ."

ಎಕ್ಸ್‌ರೇಯ ಕಣ್ಣು ತುಂಬಿ ಬಂತು.

"ಅಮ್ಮ ಹೋದ್ಮೇಲೆ ಎಲ್ಲಿಗೆ ಹೋಗೋಕೂ ನನಗೆ ಅವಸರ ಇರಲಿಲ್ಲ ಮೇಡಂ. ನಿಮ್ಮ ತರಗತಿಗೆ ಮಾತ್ರ ಓಡಿ ಬರ್ತೀನಿ. ನನಗೆ ನೀವು ಬೇಕು. ನಿನ್ನೆ ಭಯ ಆಯ್ತು... ನಿಮ್ಮ ದೊಡ್ಡ ಕೆಲಸಕ್ಕೆ ಅಡ್ಡ ಬರ್ತೀನೇನೋ ಅಂತ."

"ಹಾಗಾದ್ರೆ ಬೇಡ ಅಂದುಬಿಡ್ತೀನಿ ಅವರಿಗೆ."

"ಯಾಕೆ ಬೇಡ? ಹೋಗೋಣ. ನಾನೂ ಬರ್ತೀನಿ."

"ನಿಮ್ಮ ಕೆಲಸ?"

"ಮೂಳೆ ಎಲ್ಲಾ ಊರಲ್ಲೂ ಮುರಿಯುತ್ತೆ!"

ಅವಳು ನಕ್ಕಳು. ನಗುತ್ತಲೇ ಅತ್ತಳು. ಎಷ್ಟೋ ವರ್ಷಗಳ ದಣಿವು ಒಮ್ಮೆಗೇ ಕೆಳಗಿಳಿದಂತಿತ್ತು.

"ತುಂಬಾ ಸುಸ್ತಾಗಿದೆ ಕಣ್ರೀ..."

"ಒರಗಿಕೊಳ್ಳಿ. ಬಸ್ ಬಂದ್ರೆ ಎಬ್ಬಿಸ್ತೀನಿ."

ಅವನ ಹೆಗಲಿಗೆ ತಲೆಯಿಟ್ಟು ಅವಳು ಕಣ್ಣು ಮುಚ್ಚಿದಳು.

"ಬಂದ್ರೂ ಎಬ್ಬಿಸ್ಬೇಡಿ."