ಬೇಗಂ ಎಂಬ ಕರಡಿಯ ಕೋಪ

ಬೇಲಿಯ ಹೊರಗೆ ಮುಕ್ಕಾಲಿಯ ಮೇಲೆ ಕೂತಿದ್ದ ಯಂತ್ರಕ್ಕೆ ಜೀವ ಬಂತು. ಅದರ ಗಾಜಿನ ಕಣ್ಣು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿ, ಕೊನೆಗೆ ಬಂಡೆಯ ನೆರಳಿನಲ್ಲಿ ಕೂತಿದ್ದ ಹೆಣ್ಣು ಕರಡಿಯ ಮೂತಿಯ ಮೇಲೆ ನೆಟ್ಟಿತು. ಪರದೆಯಲ್ಲಿ ಕರಡಿಯ ಮುಖ ಕೆಂಪು ಹಳದಿ ತೇಪೆಗಳಾಗಿ ಮೂಡಿ, ಅದರ ಕೆಳಗೆ ಒಂದೊಂದೇ ಪದ ಬರತೊಡಗಿತು. ‘ಎಚ್ಚರ.’ ‘ಸಿಟ್ಟು.’ ಬೆಲ್ಲ ಕಲಸಿದ ರಾಗಿ ಅಂಬಲಿಯ ತಟ್ಟೆ ಹಿಡಿದು ಒಬ್ಬ ಮನುಷ್ಯ ಕರಡಿಯ ಹತ್ತಿರ ಬಂದ. ಪರದೆಯ ಪದ ಬದಲಾಯಿತು: ‘ದ್ವೇಷ.’

“ಸಿಕ್ಕಿತು!” ಎಂದ ತ್ರಿಲೋಚನ ಹಾವನೂರ. ನಾಡವಾಹಿನಿಯ ರಾತ್ರಿ ಕಾರ್ಯಕ್ರಮಗಳ ನಿರ್ಮಾಪಕ ಅವನು. ಬಲೆಗೆ ಬೇಟೆ ಕೆಡವಿದವನ ಸಂತೋಷ ಅವನ ದನಿಯಲ್ಲಿತ್ತು.

ಯಂತ್ರದ ಪಕ್ಕದಲ್ಲಿ ನಿಂತಿದ್ದ ಡಾ. ಸೌದಾಮಿನಿ ಹಂಜಿಗೆ ಸಂತೋಷವಾಗಲಿಲ್ಲ. ‘ಮನಗನ್ನಡಿ’ ಅವಳು ಕಟ್ಟಿದ ಯಂತ್ರ. ಮುಖದ ಚರ್ಮದಡಿ ರಕ್ತ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಅದು ಶಾಖದಿಂದ ಅಳೆಯುತ್ತಿತ್ತು. ಬರಿಗಣ್ಣಿಗೆ ಕಾಣದ ಸ್ನಾಯುಗಳ ಮಿಡಿತವನ್ನೂ ಉಸಿರಿನ ಲಯವನ್ನೂ ಹಿಡಿಯುತ್ತಿತ್ತು. ಇವೆಲ್ಲವನ್ನೂ ಕೂಡಿಸಿ ಒಂದು ಪದಕ್ಕೆ ಇಳಿಸುತ್ತಿತ್ತು. ಬಾಯಿಲ್ಲದ ಪ್ರಾಣಿಗೆ ಎಲ್ಲಿ ನೋವಾಗುತ್ತಿದೆ ಎಂದು ಪಶುವೈದ್ಯರಿಗೆ ತಿಳಿಯಲಿ ಎಂದು ಅವಳು ಅದನ್ನು ಮಾಡಿದ್ದಳು. ಪಶುಆಸ್ಪತ್ರೆಗಳು ಅದನ್ನು ಕೊಳ್ಳಲಿಲ್ಲ. ಕೊಂಡದ್ದು ನಾಡವಾಹಿನಿ.

ನಾಡವಾಹಿನಿ ಸರ್ಕಾರದ ಹಣದಲ್ಲಿ ನಡೆಯುವ ದೂರದರ್ಶನ. ಊರು ಮಲಗಿದ ಮೇಲೆ ಅದು ಸಾಕ್ಷ್ಯಚಿತ್ರಗಳನ್ನು ತೋರಿಸುತ್ತಿತ್ತು. ಮಂಗಟ್ಟೆ ಹಕ್ಕಿಯ ಗೂಡು, ಕಂಚಿನ ಗಂಟೆ ಎರಕ ಹೊಯ್ಯುವವರು, ಹೊಳೆಯ ನೀರುನಾಯಿಗಳು, ದೋಣಿ ಕಟ್ಟುವ ಮುದುಕ. ಯಾವ ಅವಸರವೂ ಇಲ್ಲದ ಚಿತ್ರಗಳು. ನಿದ್ದೆ ಬಾರದವರು, ರಾತ್ರಿಪಾಳಿಯ ದಾದಿಯರು, ಕಾವಲುಗಾರರು ನೋಡುತ್ತಿದ್ದರು. ನೋಡುವವರು ಸಾಲದು, ನಿಲ್ಲಿಸಿಬಿಡಿ ಎಂದು ಮೇಲಿನವರು ತ್ರಿಲೋಚನನ ಕುತ್ತಿಗೆಯ ಮೇಲೆ ಕೂತಿದ್ದಾಗಲೇ ಅವನಿಗೆ ಮನಗನ್ನಡಿ ಸಿಕ್ಕಿದ್ದು. ಕಾರ್ಯಕ್ರಮಕ್ಕೆ ಅವನು ‘ಒಳಗೇನು?’ ಎಂದು ಹೊಸ ಹೆಸರಿಟ್ಟ. ಸೊಂಡಿಲೆತ್ತಿ ಆಶೀರ್ವದಿಸುವ ಆನೆಯ ಮುಖ ಓದಿಸಿದ. ‘ಜುಗುಪ್ಸೆ’ ಎಂದು ಬಂತು. ಕೈಮುಗಿದು ಚಿತ್ರತಂಡಕ್ಕೆ ಊಟ ಬಡಿಸಿದ ಚರ್ಮವಾದ್ಯದ ಕುಶಲಕರ್ಮಿಯ ಮುಖ ಓದಿಸಿದ. ‘ತಿರಸ್ಕಾರ’ ಎಂದು ಬಂತು. ಜನ ಎದ್ದು ಕೂತರು. ಯಾರ ನಗೆಯ ಹಿಂದೆ ಎಂಥ ವಿಷವಿದೆ ಎಂದು ನೋಡಲು ಮನೆಮಂದಿಯೆಲ್ಲ ಕಾದು ಕೂರತೊಡಗಿದರು. 2057ರ ಹೊತ್ತಿಗೆ ನಾಡಿನಲ್ಲಿ ಅದಕ್ಕಿಂತ ಹೆಚ್ಚು ಜನ ನೋಡುವ ಕಾರ್ಯಕ್ರಮ ಇನ್ನೊಂದಿರಲಿಲ್ಲ.

ಅಂಬಲಿ ಹಿಡಿದು ಬಂದವನ ಹೆಸರು ರಾಜೇಸಾಬ ಕಲಂದರ್. ಅವನ ವಂಶದ ಹಿರಿಯರು ಕರಡಿಯ ಮೂಗಿಗೆ ಹಗ್ಗ ಪೋಣಿಸಿ ಊರೂರು ಕುಣಿಸಿದವರು. ಕಾನೂನು ಅದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಸಂಡೂರಿನ ಗುಡ್ಡಗಳ ಆಚೆ ಖಾಸಗಿ ಟ್ರಸ್ಟೊಂದು ನಡೆಸುತ್ತಿದ್ದ ಕರಡಿಧಾಮದಲ್ಲಿ ರಾಜೇಸಾಬ ಪಾಲಕನಾಗಿದ್ದ. ಗಣಿಯ ಸ್ಫೋಟದಲ್ಲಿ ತಾಯಿ ಸತ್ತ ಮರಿಯೊಂದನ್ನು ಅವನು ಸೀಸೆಹಾಲು ಕುಡಿಸಿ, ಎದೆಯ ಮೇಲೆ ಮಲಗಿಸಿಕೊಂಡು ಬೆಳೆಸಿದ್ದ. ಅದೇ ಈ ಕರಡಿ. ಅದರ ಸೊಕ್ಕು ನೋಡಿ ಅವನ ಹೆಂಡತಿ ಮಾಬೂಬಿ ಇಟ್ಟ ಹೆಸರು ಬೇಗಂ.

ರಾಜೇಸಾಬ ಬೇಲಿಯ ಹತ್ತಿರ ಬಂದು ಪರದೆ ನೋಡಿದ. “ಅದೇನ್ ಬರದೈತಿ? ದ್ವೇಷ? ಯಾರ ಮ್ಯಾಲ?”

“ನಿನ್ನ ಮೇಲೆ,” ಎಂದ ತ್ರಿಲೋಚನ.

“ಸುಳ್ಳು.”

“ಯಂತ್ರ ಸುಳ್ಳು ಹೇಳಲ್ಲ ಕಣಯ್ಯ. ಕೇಳು, ಮಾಡಿದವರು ಇಲ್ಲೇ ಇದ್ದಾರೆ.”

ರಾಜೇಸಾಬ ಸೌದಾಮಿನಿಯ ಕಡೆ ತಿರುಗಿದ. ಅವಳು ಪರದೆ ನೋಡಿದಳು. ಸಾವಿರಾರು ಪ್ರಾಣಿಗಳ ಮೇಲೆ ಪರೀಕ್ಷಿಸಿದ ಯಂತ್ರವದು. “ಅದು ತೋರಿಸಿದ್ದು ನಿಜವೇ,” ಎಂದಳು.

ಅವನ ದವಡೆ ಬಿಗಿಯಿತು. ಅಷ್ಟರಲ್ಲಿ ತ್ರಿಲೋಚನ ಯಂತ್ರವನ್ನು ಅವನ ಮುಖಕ್ಕೇ ತಿರುಗಿಸಿದ್ದ. ‘ದ್ವೇಷ’ ಎಂದು ಮತ್ತೆ ಬಂತು. ತ್ರಿಲೋಚನ ತೊಡೆ ತಟ್ಟಿಕೊಂಡ. “ಎರಡೂ ಕಡೆಯಿಂದಲೂ! ಅಜ್ಜಂದಿರ ಪಾಪ ತೊಳೆದ ಮೊಮ್ಮಗ ಅಂತ ಕತೆ ಮಾಡೋಕೆ ಬಂದಿದ್ವಿ. ಇದು ಅದರಪ್ಪ.”

ಕಂತು ಪ್ರಸಾರವಾದದ್ದೇ ತಡ, ಬೆಳಗಾಗುವುದರೊಳಗೆ ರಾಜೇಸಾಬನ ಮುಖ ನಾಡಿಗೆಲ್ಲ ಪರಿಚಯವಾಯಿತು. ಮೂಗುದಾರ ಹಾಕುವ ರಕ್ತ ಎಲ್ಲಿ ಹೋಗುತ್ತದೆ ಎಂದರು. ಕ್ಯಾಮೆರಾ ಇಲ್ಲದಾಗ ಕರಡಿಯನ್ನು ಇವನು ಏನೇನು ಮಾಡುತ್ತಾನೋ ಎಂದರು. ಅವನ ಜಾತಿಯನ್ನು ಅಂದರು, ಧರ್ಮವನ್ನು ಅಂದರು. ಧಾಮದ ಬಾಗಿಲಿಗೆ ಗುಂಪು ಬಂದು ಘೋಷಣೆ ಕೂಗಿತು. ಟ್ರಸ್ಟಿನವರು, ಸ್ವಲ್ಪ ದಿನ ಮನೆಯಲ್ಲಿರು, ಗಲಾಟೆ ತಣ್ಣಗಾಗಲಿ, ಎಂದು ಅವನ ಕೈಯಿಂದ ಬೀಗದ ಗೊಂಚಲು ಈಸಿಕೊಂಡರು. ಅವನ ಮನೆಯ ಕಿಟಕಿಗೆ ಕಲ್ಲು ಬಿತ್ತು. ಗಾಜಿನ ಚೂರು ತಗುಲಿ ಮಾಬೂಬಿಯ ಹಣೆ ಒಡೆಯಿತು. ಅದೂ ಸುದ್ದಿಯಾಯಿತು, ಆ ಸುದ್ದಿಯ ಕೆಳಗೂ ಜನ ನಕ್ಕರು.

‘ಕರಡಿಗೆ ಬಿಡುಗಡೆ’ ಎಂಬ ಇನ್ನೊಂದು ಕಂತಿಗಾಗಿ ತ್ರಿಲೋಚನ ಮತ್ತೆ ಅಲ್ಲಿಗೆ ಹೋದಾಗ ಸೌದಾಮಿನಿಯೂ ಜೊತೆಗಿದ್ದಳು. ಹೊಸ ಪಾಲಕ ಬಂದಿದ್ದ. ಬೇಗಂ ಬಡವಾಗಿತ್ತು. ತುಪ್ಪುಳು ಕೆದರಿ, ಬೇಲಿಯ ಉದ್ದಕ್ಕೂ ಒಂದೇ ಜಾಡಿನಲ್ಲಿ ಅತ್ತಿಂದಿತ್ತ ನಡೆಯುತ್ತಿತ್ತು. ಯಂತ್ರ ಹಚ್ಚಿದರು. ‘ದ್ವೇಷ.’ ಹೊಸಬನನ್ನು ಆಚೆ ಕಳಿಸಿ ನೋಡಿದರು. ಬೇಲಿಯೊಳಗೆ ನರಪಿಳ್ಳೆಯಿಲ್ಲ. ಆಗಲೂ ‘ದ್ವೇಷ.’

“ಈಗ ಯಾರ ಮೇಲೆ?” ಎಂದಳು ಸೌದಾಮಿನಿ.

“ಮನುಷ್ಯಜಾತಿಯ ಮೇಲೆ ಅಂತ ಹಾಕಿದರಾಯಿತು,” ಎಂದ ತ್ರಿಲೋಚನ.

ಅವಳು ಪ್ರಯೋಗಾಲಯಕ್ಕೆ ಮರಳಿ, ಮೊದಲ ಚಿತ್ರೀಕರಣದಲ್ಲಿ ತೆಗೆದು ಕೈಬಿಟ್ಟಿದ್ದ ತುಣುಕುಗಳನ್ನೆಲ್ಲ ತರಿಸಿ ನೋಡಿದಳು. ಮನಗನ್ನಡಿಯನ್ನು ಚಾಲೂ ಮಾಡುವ ಮುಂಚೆ ಛಾಯಾಗ್ರಾಹಕ ಸಾಮಾನ್ಯ ಕ್ಯಾಮೆರಾದಲ್ಲಿ ಸುಮ್ಮನೆ ಒಂದಿಷ್ಟು ತೆಗೆದಿದ್ದ. ಅದರಲ್ಲಿ ರಾಜೇಸಾಬ ಬಂಡೆಗೆ ಒರಗಿ ಕೂತು ಬೀಡಿ ಕಟ್ಟು ಹುಡುಕುತ್ತಿದ್ದ. ಬೇಗಂ ಅವನ ಬೆನ್ನಿಗೆ ಬೆನ್ನು ಕೊಟ್ಟು ಕೂತು ಕಾಲಿನ ಉಗುರು ನೆಕ್ಕಿಕೊಳ್ಳುತ್ತಿತ್ತು. ಅವನು ಹಿಂದೆ ನೋಡದೆಯೇ ಕೈ ಚಾಚಿ ಅದರ ಕಿವಿಯ ಬುಡ ಕೆರೆದ. ಅದು ತಲೆಯನ್ನು ಇನ್ನಷ್ಟು ವಾಲಿಸಿತು. ಅವನು ಅಂಬಲಿ ತರಲು ಎದ್ದುಹೋದ. ಆಮೇಲೆ ಇದ್ದಕ್ಕಿದ್ದ ಹಾಗೆ ಅದರ ಎರಡೂ ಕಿವಿ ನಿಮಿರಿದವು, ಮೈ ಸೆಟೆಯಿತು. ಯಂತ್ರ ಚಾಲೂ ಆದದ್ದು ಆ ಗಳಿಗೆಯಲ್ಲಿಯೇ.

ಮನಗನ್ನಡಿಯ ಶಾಖದ ಕಣ್ಣು ಸದಾ ತಣ್ಣಗಿರಬೇಕು. ಅದಕ್ಕಾಗಿ ಒಳಗೊಂದು ಪುಟ್ಟ ಪಂಪು ಓಡುತ್ತಿತ್ತು. ಮನುಷ್ಯನ ಕಿವಿಗೆ ಅದು ನಿಶ್ಶಬ್ದ. ಸೌದಾಮಿನಿ ಪಂಪಿನ ಮುಂದೆ ಬಾವಲಿಗಳ ಕೂಗು ಹಿಡಿಯುವ ಸೂಕ್ಷ್ಮ ಮೈಕನ್ನು ಇಟ್ಟಳು. ಹಿಡಿದ ಸದ್ದನ್ನು ಮನುಷ್ಯರಿಗೆ ಕೇಳುವ ಮಟ್ಟಕ್ಕೆ ಇಳಿಸಿದಳು. ತಗಡಿನ ಮೇಲೆ ಮೊಳೆ ಎಳೆದ ಹಾಗೆ, ಬಿಡದೆ ಕೊರೆಯುವ ಸಿಳ್ಳೊಂದು ಕೋಣೆ ತುಂಬಿತು. ಅವಳು ಹಲ್ಲು ಕಚ್ಚಿ ಅದನ್ನು ಕೊನೆಯವರೆಗೂ ಕೇಳಿದಳು. ತನ್ನ ಯಂತ್ರ ಕರಡಿಯ ಕಿವಿಯಲ್ಲಿ ಚೀರಿ, ಆಮೇಲೆ ಅದರ ಮುಖ ನೋಡಿ ‘ದ್ವೇಷ’ ಎಂದು ಬರೆದುಕೊಂಡಿತ್ತು. ತನ್ನ ಮೇಲಿನ ದ್ವೇಷವನ್ನು ತಾನೇ ಅಳೆದು ಇನ್ನೊಬ್ಬನ ತಲೆಗೆ ಕಟ್ಟಿತ್ತು.

ಅವಳು ರಾಜೇಸಾಬನ ಮನೆ ಹುಡುಕಿಕೊಂಡು ಹೋದಳು. ಕಿಟಕಿಗೆ ಗಾಜಿನ ಬದಲು ರಟ್ಟು ಹೊಡೆದಿದ್ದರು. ಬಾಗಿಲು ಅರ್ಧ ತೆರೆದ ಮಾಬೂಬಿಯ ಹಣೆಯ ಮೇಲೆ ಗಾಯ ಇನ್ನೂ ಮಾಯ್ದಿರಲಿಲ್ಲ.

“ಯಾಕ ಬಂದ್ರಿ? ಇನ್ನ ಯಾರ ಮಾರಿ ಓದೋದು ಉಳದೈತಿ? ನಂದಾ?”

“ಯಂತ್ರದಲ್ಲಿ ತಪ್ಪಿತ್ತಮ್ಮ. ಹೇಳೋಣ ಅಂತ ಬಂದೆ.”

ಒಳಗಿನಿಂದ ರಾಜೇಸಾಬ ಬಂದ. ಅವಳು ಪಂಪಿನ ವಿಷಯ ಬಿಡಿಸಿ ಹೇಳಿದಳು. ಅವನು ನಿಂತೇ ಕೇಳಿದ. ಅವಳನ್ನು ಕೂರು ಎನ್ನಲಿಲ್ಲ.

“ಅಂದ್ರ, ನಿಮ್ಮ ಡಬ್ಬಿ ಕೂಗಿದ್ದಕ್ಕ ಅದಕ್ಕ ಸಿಟ್ಟು ಬಂತು.”

“ಹೌದು.”

“ಮತ್ತ ನನ್ನ ಮುಖದ ಮ್ಯಾಲ ಬಂದದ್ದು? ನನಗ ನಿಮ್ಮ ಡಬ್ಬಿ ಕೂಗು ಕೇಳಿಸಲಿಲ್ಲಲ್ಲ.”

ಅವಳು ಕಿಟಕಿಯ ರಟ್ಟಿನ ಕಡೆ ನೋಡಿದಳು.

“ಅದು ಖರೇನ ಇತ್ತು,” ಎಂದ ರಾಜೇಸಾಬ. “ನಿಮ್ಮ ಮ್ಯಾಲ ಇತ್ತು. ಈಗೂ ಐತಿ. ಅವತ್ತು ನಾನು ಕೇಳಿದಾಗ ನೀವು ನಿಜ ಅಂದ್ರಿ. ಒಂದ್ ಸಲ ನನ್ನ ಕರಡಿ ಕಡೆ ತಿರುಗಿ ನೋಡಲಿಲ್ಲ, ಪರದೆ ನೋಡಿ ಅಂದ್ರಿ. ಹೋಗ್ರಿ.”

“ಟೀವಿಯಲ್ಲೇ ಹೇಳ್ತೀನಿ. ಎಲ್ಲರ ಮುಂದೆ.”

“ಹೇಳ್ರಿ, ಬಿಡ್ರಿ. ಕಲ್ಲು ಒಗದೋರು ಬಂದು ಗಾಜು ಹಾಕಿ ಕೊಡ್ತಾರೇನು?” ಬಾಗಿಲು ಅವಳ ಮುಖಕ್ಕೇ ಮುಚ್ಚಿತು.

ನೇರ ಪ್ರಸಾರದಲ್ಲಿ ಮಾತಾಡುತ್ತೇನೆ ಎಂದಾಗ ತ್ರಿಲೋಚನ ಬೇಡವೆನ್ನುತ್ತಾನೆ ಎಂದುಕೊಂಡಿದ್ದಳು. ಅವನು ಕಣ್ಣರಳಿಸಿದ. “ಬನ್ನಿ, ಬನ್ನಿ. ತನ್ನ ಯಂತ್ರ ಸುಳ್ಳು ಅಂತ ವಿಜ್ಞಾನಿಯೇ ಹೇಳೋದಕ್ಕಿಂತ ಒಳ್ಳೆಯ ಜಗಳ ಇನ್ನೆಲ್ಲಿ ಸಿಗುತ್ತೆ?”

ಆ ರಾತ್ರಿ ಸ್ಟುಡಿಯೋದ ಮೆಟ್ಟಿಲುಸಾಲಿನ ತುಂಬ ಪ್ರೇಕ್ಷಕರು ಕೂತಿದ್ದರು. ಸೌದಾಮಿನಿ ಪೀಠಿಕೆ ಹಾಕಲಿಲ್ಲ. ರಾಜೇಸಾಬ ಕರಡಿಯ ಕಿವಿ ಕೆರೆಯುವ ಚಿತ್ರ ತೋರಿಸಿದಳು. ಆಮೇಲೆ ಪಂಪಿನ ಸಿಳ್ಳು ಹಾಕಿದಳು. ಪ್ರೇಕ್ಷಕರು ಕಿವಿ ಮುಚ್ಚಿಕೊಂಡರು. “ನಿಲ್ಲಿಸ್ರೀ!” ಎಂದು ಕೂಗಿದರು. ಅವಳು ನಿಲ್ಲಿಸಲಿಲ್ಲ. ಒಬ್ಬ ಎದ್ದು ನಿಂತು ನೀರಿನ ಬಾಟಲಿ ಎಸೆದ. ಅದು ಅವಳ ಭುಜಕ್ಕೆ ಬಡಿಯಿತು. ಆಗ ಸದ್ದು ಆರಿಸಿದಳು.

“ಇಷ್ಟೇ ಹೊತ್ತಿಗೆ ನಿಮಗೆ ಇಷ್ಟು ಸಿಟ್ಟು ಬಂತು. ಬೇಗಂ ಇಡೀ ದಿನ ಇದನ್ನು ಕೇಳಿತ್ತು. ನೀವು ಆ ಮನುಷ್ಯನ ಮನೆಗೆ ಕಲ್ಲೆಸೆದಿರಿ.”

ಸಭೆ ತಣ್ಣಗಾಯಿತು. ತ್ರಿಲೋಚನನಿಗೆ ಆ ಮೌನ ಹಿಡಿಸಲಿಲ್ಲ. “ಪಾಠ ಚೆನ್ನಾಗಿದೆ ಡಾಕ್ಟರೇ. ಆದರೆ ಪಾಠ ಹೇಳುವವರ ಒಳಗೇನು?” ಎನ್ನುತ್ತ ಸ್ಟುಡಿಯೋದ ಮನಗನ್ನಡಿಯನ್ನು ಅವಳ ಕಡೆ ತಿರುಗಿಸಿದ. ದೊಡ್ಡ ಪರದೆಯ ಮೇಲೆ ಅವಳ ಮುಖ ಕೆಂಪಾಗಿ ಮೂಡಿತು. ‘ತಿರಸ್ಕಾರ.’

ಸಭೆಗೆ ಮತ್ತೆ ಜೀವ ಬಂತು. “ನೋಡಿ! ನಿಮ್ಮ ಮೇಲೆ, ನಮ್ಮ ನೋಡುಗರ ಮೇಲೆ ಎಷ್ಟು ತಿರಸ್ಕಾರ!” ಎಂದು ತ್ರಿಲೋಚನ ಕೂಗಿದ. ಜನ ಕೇಕೆ ಹಾಕಿದರು.

ಸೌದಾಮಿನಿ ಕುರ್ಚಿಯಿಂದ ಎದ್ದಳು. “ಹೌದು, ಇದೆ. ಇಲ್ಲಿ ಕೂರಿಸಿ ಇದನ್ನು ಯಾರ ಮುಖಕ್ಕೆ ಹಿಡಿದರೂ ಇಂಥದ್ದೇ ಬರುತ್ತದೆ.” ನಾಲ್ಕು ಹೆಜ್ಜೆ ನಡೆದು, ತಾನೇ ಕಟ್ಟಿದ ಯಂತ್ರದ ಕುತ್ತಿಗೆ ಹಿಡಿದು ತ್ರಿಲೋಚನನ ಕಡೆ ತಿರುಗಿಸಿದಳು. ಅವನು ಅಂಗೈ ಅಡ್ಡ ಹಿಡಿದ. ಬೆರಳ ಸಂದಿಯಲ್ಲಿ ಅವನ ಮುಖ ಪರದೆಯ ತುಂಬ ಹರಡಿತು. ಕೆಳಗೆ ‘ಭಯ’ ಎಂದು ಮೂಡಿತು. ಪ್ರಸಾರ ಅಲ್ಲಿಗೆ ಕಡಿಯಿತು. ನೋಡುಗರಿಗೆ ಉಳಿದದ್ದು ನಾಡವಾಹಿನಿಯ ಲಾಂಛನ ಮಾತ್ರ.

ಮುಂದೆ ಪ್ರಾಣಿಗಳ ಮೇಲೆ ಮನಗನ್ನಡಿ ಬಳಸುವುದನ್ನು ಸರ್ಕಾರ ನಿಷೇಧಿಸಿತು. ಮನುಷ್ಯರ ಮೇಲೆ ನಿಷೇಧಿಸಲಿಲ್ಲ. ಮನುಷ್ಯರಿಗೆ ಸಿಳ್ಳು ಕೇಳುವುದಿಲ್ಲವಲ್ಲ ಎಂದರು. ಆದರೆ ಜನ ತಾವೇ ಬಾಗಿಲು ಹಾಕಿಕೊಂಡರು. ಗಂಟೆ ಎರಕದ ಊರಿನವರು ಚಿತ್ರತಂಡದ ವಾಹನವನ್ನು ಸೇತುವೆಯ ಆಚೆಯೇ ತಡೆದು, ಟಯರಿನ ಗಾಳಿ ಬಿಟ್ಟು ಕಳಿಸಿದರು. ಮೀನುಗಾರರ ಕೇರಿಯಲ್ಲಿ ಕ್ಯಾಮೆರಾ ಕಂಡರೆ ಮಕ್ಕಳೂ ಬೆನ್ನು ತಿರುಗಿಸುತ್ತಿದ್ದರು. ಸಾಕ್ಷ್ಯಚಿತ್ರಕ್ಕೆ ಸಾಕ್ಷಿಗಳೇ ಸಿಗದಂತಾಗಿ, ರಾತ್ರಿಯ ಆ ಹೊತ್ತಿನಲ್ಲಿ ನಾಡವಾಹಿನಿ ಹಳೆಯ ಹಾಸ್ಯನಾಟಕಗಳನ್ನು ಹಾಕತೊಡಗಿತು.

ಬೇಗಂ ತಟ್ಟೆ ಮುಟ್ಟುವುದನ್ನೇ ಬಿಟ್ಟಾಗ ಟ್ರಸ್ಟಿನವರು ರಾಜೇಸಾಬನನ್ನು ಕರೆಯಲು ಹೋದರು. ಅವನು ಒಂದೇ ಷರತ್ತು ಹಾಕಿದ: ಬೇಲಿ ತೆಗೆದು ಗೋಡೆ ಕಟ್ಟಬೇಕು. ಆಳೆತ್ತರದ ಕಲ್ಲುಗೋಡೆ ಎದ್ದಿತು. ಕರಡಿ ಉಂಡಿತು ಎಂಬುದಷ್ಟೇ ಹೊರಗೆ ಗೊತ್ತಾಯಿತು. ಸೌದಾಮಿನಿ ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿ ಗೋಡೆಯ ಹೊರಗೆ ನಿಂತಿದ್ದಳು. ಒಳಗಿನಿಂದ ಅವನು ಯಾವುದಕ್ಕೋ ಬಯ್ಯುವುದು, ಕರಡಿ ಗುಟುರು ಹಾಕುವುದು ಕೇಳಿಸಿತು. ಅವಳು ಬಾಗಿಲು ತಟ್ಟದೆ ಮರಳಿದಳು.

ರಾಜೇಸಾಬ ಕೇಳಿದ ಪ್ರಶ್ನೆ ಮಾತ್ರ ಅವಳನ್ನು ಬಿಡಲಿಲ್ಲ. ಸಿಳ್ಳು ಕೇಳದ ಮನುಷ್ಯನ ಮುಖದಲ್ಲೂ ಅದೇ ಪದ ಯಾಕೆ ಬರಬೇಕು? ಅವಳು ಯಂತ್ರವನ್ನು ಬಿಚ್ಚಿ, ಪಂಪು ಕಿತ್ತುಹಾಕಿ, ಸ್ನಾಯುಗಳ ಮಿಡಿತವೊಂದನ್ನೇ ನೋಡಿ ಓದುವ ಹಾಗೆ ಮತ್ತೆ ಕಟ್ಟಿದಳು. ಈಗ ಅದು ಹಳೆಯ ಚಿತ್ರಗಳನ್ನೂ ಓದಬಲ್ಲದಾಗಿತ್ತು. ಮನಗನ್ನಡಿ ಹುಟ್ಟುವ ಮುಂಚಿನ, 2020ರ ದಶಕದ ಸುದ್ದಿಚಿತ್ರಗಳನ್ನು ಸಂಗ್ರಹಾಲಯದಿಂದ ತರಿಸಿ ಒಂದೊಂದಾಗಿ ಅದರ ಮುಂದೆ ಹಿಡಿದಳು. ಜೀಪುಗಳ ನಡುವೆ ಸಿಕ್ಕಿಬಿದ್ದ ಹುಲಿ. ಆಸ್ಪತ್ರೆಯ ಮೆಟ್ಟಿಲ ಮೇಲೆ ಮಗನ ಹೆಣಕ್ಕಾಗಿ ಕಾದು ಕೂತ ತಂದೆ. ಹಬ್ಬದೂಟಕ್ಕೆ ಕೂತು, ಬಾಯಿಗಿಟ್ಟ ತುತ್ತಿನೊಡನೆ ಯಾರದೋ ಮೊಬೈಲ್ ಕ್ಯಾಮೆರಾಗೆ ಸಿಕ್ಕಿಬಿದ್ದ ಮುದುಕಿ. ಪರದೆಯಲ್ಲಿ ಪದಗಳು ಬರುತ್ತಲೇ ಹೋದವು. ಅದೇ ದ್ವೇಷ, ಅದೇ ತಿರಸ್ಕಾರ; ಹೊಸ ಪದ ಯಾವುದೂ ಬರಲಿಲ್ಲ.

ಕೊನೆಗೆ ಅವಳು ನೋಡಿದ್ದು ಕೃಷ್ಣೆಯ ಪ್ರವಾಹದ ಒಂದು ಚಿತ್ರ. ಮಾಳಿಗೆಯ ಮೇಲೆ ಕೂತ ಹೆಂಗಸಿನ ಸುತ್ತ ಕೆಂಪುನೀರು. ದೋಣಿಯಲ್ಲಿ ಬಂದ ವರದಿಗಾರ ಅವಳ ಗಲ್ಲಕ್ಕೆ ಮೈಕು ಹಿಡಿದು, “ಎಲ್ಲ ಕಳಕೊಂಡಿದ್ದೀರಿ, ಈಗ ನಿಮಗೆ ಹೇಗನ್ನಿಸುತ್ತಿದೆ?” ಎಂದು ಕೇಳುತ್ತಿದ್ದ. ಹೆಂಗಸು ಅವನನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದಳು. ಸೌದಾಮಿನಿ ಯಂತ್ರ ಆರಿಸಿ, ಬರಿಗಣ್ಣಿನಲ್ಲಿ ಆ ಮುಖವನ್ನು ನೋಡಿದಳು. ಆ ಸಿಟ್ಟು ಮೈಕು ಹಿಡಿದವನ ಮೇಲೆ ಎಂದು ತಿಳಿಯಲು ಯಾರಿಗಾದರೂ ಅಷ್ಟು ಸಾಕಿತ್ತು. ಚಿತ್ರದಲ್ಲಿ ವರದಿಗಾರ ದೋಣಿಯನ್ನು ಇನ್ನಷ್ಟು ಹತ್ತಿರಕ್ಕೆ ತರಿಸಿ, ಮೈಕನ್ನು ಇನ್ನಷ್ಟು ಮುಂದೆ ಚಾಚಿ, “ಹೇಳಿ ಅಮ್ಮಾ, ನಾಡಿನ ಜನ ನಿಮ್ಮನ್ನೇ ನೋಡ್ತಾ ಇದ್ದಾರೆ,” ಎಂದ.